ಸಾಗವಾನಿ ಕೆನೆ

ಚಹಾದ ಮೇಲೆ ಕೆನೆ ಕಟ್ಟಿದೆ ಅಂದುಕೊಂಡು ಊದಿದೆ. ಕೆನೆ ಹಾರಿಹೋಯಿತು.

ಹಾಲಿನ ಕೆನೆ ಹಾಗೆಲ್ಲ ಹಾರುವುದಿಲ್ಲ. ಕಪ್ಪಿನ ಅಂಚಿಗೆ ಅಂಟಿಕೊಂಡು ಆಮೇಲೆ ಮೀಸೆಗೆ ಬರುತ್ತದೆ. ಇದು ಎದ್ದು, ಒಂದು ಸುತ್ತು ಹಾಕಿ, ನನ್ನ ಕನ್ನಡಕದ ಮೇಲೆ ಕುಳಿತಿತು. ಬೆರಳಿಂದ ಒರೆಸಿ ಮೂಸಿದೆ. ಸಾಗವಾನಿ ಪುಡಿ.

“ಚಹಾ ಹೆಂಗ ಆಗೇದ ರೀ?” ಹೆಂಡತಿ ಅಡುಗೆಮನೆಯಿಂದ ಕೇಳಿದಳು.

“ಘಮಘಮ ಅನ್ಲಿಕತ್ತದ,” ಅಂದೆ. ಸುಳ್ಳೇನಲ್ಲ. ಸಾಗವಾನಿಗೆ ಒಳ್ಳೆಯ ವಾಸನೆ ಇದೆ.

ನಿವೃತ್ತರಾದ ಧಾರವಾಡದ ಮಂದಿಗೆ ದಿನಚರಿ ಸಿದ್ಧವಾಗಿಯೇ ಇರುತ್ತದೆ. ಬೆಳಿಗ್ಗೆ ಕೆಲಗೇರಿ ಕೆರೆ, ಸಂಜೆ ಯಾವುದಾದರೂ ಉಪನ್ಯಾಸ. ನನಗೆ ಉಪನ್ಯಾಸದಲ್ಲಿ ನಿದ್ದೆ ಬರುತ್ತದೆ, ಅದೂ ಗೊರಕೆ ಸಮೇತ. ಎರಡು ಸಲ ಭಾಷಣಕಾರರೇ ಮಾತು ನಿಲ್ಲಿಸಿ ನನ್ನ ಕಡೆ ನೋಡಿದ್ದಾರೆ. ಹಾಗಾಗಿ ಕಟ್ಟಿಗೆಯನ್ನು ಗಿರಗಿರ ತಿರುಗಿಸಿ ಕಡೆಯುವ ಸಣ್ಣ ಲೇತ್ ಯಂತ್ರ ಒಂದನ್ನು ತಂದು ಹಿತ್ತಲಿನ ಪತ್ರಾಸ್ ಶೆಡ್ಡಿನಲ್ಲಿ ಕೂರಿಸಿದೆ. ಹೇಳಿಕೊಳ್ಳಲು ದೊಡ್ಡ ಕಾರಣವೂ ಇತ್ತು. ಮಗಳು ಬಸುರಿ. ಕಲಘಟಗಿ ತೊಟ್ಟಿಲು ಇರುತ್ತದಲ್ಲ, ಬಣ್ಣ ಬಳಿದು ಚಿತ್ರ ಬರೆದದ್ದು, ಅಂಥದ್ದೇ ಒಂದನ್ನು ಮೊಮ್ಮಗುವಿಗೆ ನಾನೇ ಮಾಡುತ್ತೇನೆ ಅಂದೆ. ಆ ಮೊಮ್ಮಗಳು ಈಗ ಎಲ್‌ಕೆಜಿಗೆ ಹೋಗುತ್ತಾಳೆ. ತೊಟ್ಟಿಲಿನದು ಒಂದು ಕಾಲು ಮುಗಿದಿದೆ.

ಮೊದಲು ಸಿಕ್ಕಿದ್ದು ಮಳೆಗೆ ಬಿದ್ದ ಮಾವಿನ ಟೊಂಗೆ. ಇನ್ನೂ ಹಸಿ. ಉಳಿ ತಾಗಿಸಿದರೆ ಸಾಕು, ಉದ್ದುದ್ದ ಸುರುಳಿ ಬಂದು ಕೊರಳಿಗೆ ಹಾರವಾಗಿ ಬೀಳುತ್ತಿದ್ದವು. ಧೂಳಿನ ಸುಳಿವೇ ಇಲ್ಲ. ಹುಬ್ಬಳ್ಳಿಯಲ್ಲಿರುವ ಷಡ್ಡಕನಿಗೆ ಫೋನ್ ಮಾಡಿ, ಧೂಳು ಗೀಳು ಎಲ್ಲ ನಿಮ್ಮೂರಿನ ತಾಪತ್ರಯ, ನಮ್ಮ ಧಾರವಾಡದಲ್ಲಿ ಅದು ಇಲ್ಲ ಅಂತ ನಕ್ಕೆ. ಅವನು ಏನೂ ಅನ್ನಲಿಲ್ಲ. ಹುಬ್ಬಳ್ಳಿಯವರು ಕಾಯುವುದರಲ್ಲಿ ಗಟ್ಟಿಗರು.

ನಮ್ಮ ಓಣಿಯ ಕೊನೆಗೆ ಒಬ್ಬ ಬಡಿಗ ಕಾಕಾ ಇದ್ದಾರೆ. ಐವತ್ತು ವರ್ಷದಿಂದ ಮಂಚದ ಕಾಲು, ಲಟ್ಟಣಿಗೆ, ಬುಗುರಿ ಕಡೆದವರು. ನನ್ನ ಮಾವಿನ ಬಟ್ಟಲನ್ನು ತಿರುಗಿಸಿ ನೋಡಿದರು.

“ಹಸೀ ಕಟಗಿ ಐತ್ರಿ ಸರ, ಅದಕ್ಕ ಧೂಳಿಲ್ಲ. ಒಣಾ ಕಟಗಿ ಹಚ್ಚ್ರಿ, ಆಮ್ಯಾಲೆ ಮಾತಾಡೂಣು.”

ಒಣ ಕಟ್ಟಿಗೆಯೂ ಸಿಕ್ಕಿತು. ನಮ್ಮ ಹಳೆ ಮನೆ ಕೆಡವಿದಾಗ ಬಂದ ಸಾಗವಾನಿ ತೊಲೆ. ಅಜ್ಜನ ಕಾಲದ್ದು, ಒಣಗಿ ಕಬ್ಬಿಣದಂತಾಗಿತ್ತು. ಉಳಿಗೆ ಸಿಪ್ಪೆ ಬರಲಿಲ್ಲ, ಹಿಟ್ಟು ಬಂತು. ಮೇಲೆ ನುಣುಪು ಬರಲಿ ಅಂತ ಉಪ್ಪುಕಾಗದ ಹಿಡಿದೆ. 80 ನಂಬರಿನದು, ಆಮೇಲೆ 120, ಹೀಗೆ 400ರ ತನಕ. ನಂಬರು ಏರಿದಂತೆ ಕಟ್ಟಿಗೆ ನುಣುಪಾಗುತ್ತದೆ, ಧೂಳೂ ನುಣುಪಾಗುತ್ತದೆ. ಎಂಬತ್ತರ ಧೂಳು ಕಾಲ ಮೇಲೆ ಬೀಳುತ್ತಿತ್ತು. ನಾಲ್ಕು ನೂರರ ಧೂಳು ಎಲ್ಲಿ ಬೀಳುತ್ತದೆ ಅಂತ ನಾನು ಯೋಚಿಸಲೇ ಇಲ್ಲ.

ಅದು ಬೀಳುವುದೇ ಇಲ್ಲ.

ಆ ರಾತ್ರಿ ಹನ್ನೊಂದು ಸೀನು ಸೀನಿದೆ. ಎಣಿಸಿದ್ದು ಹೆಂಡತಿ. ಮರುದಿನ ಕಣ್ಣು ಕೆಂಪಾಗಿ, ಕೊರಳೆಲ್ಲ ತುರಿಕೆ.

ಈಗ ಒಂದು ಮಾತು ಹೇಳಬೇಕು. ಧೂಳು ನನಗೆ ಹೊಸದೇನಲ್ಲ. 1995ರಲ್ಲಿ ನಾನು ಬ್ಯಾಡಗಿಯಲ್ಲಿ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿದ್ದೆ. ಸೀಸನ್ನಿನಲ್ಲಿ ಮೆಣಸಿನಕಾಯಿ ಮಾರುಕಟ್ಟೆಯಿಂದ ರೈತರು, ದಲಾಲರು ತರುವ ನೋಟಿನ ಕಟ್ಟು ಬಿಚ್ಚಿದರೆ ಸಾಕು, ಕೌಂಟರಿನಿಂದ ಮ್ಯಾನೇಜರ್ ಕೋಣೆಯವರೆಗೆ ಸೀನಿನ ಸಾಲು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ಹಾಗೆ ಹೇಳುವವರು ನೋಟು ಎಣಿಸಿದವರಲ್ಲ. ಆದರೆ ಮೆಣಸಿನಕಾಯಿ ಪ್ರಾಮಾಣಿಕ. ನಾನು ಬಂದೆ ಅಂತ ಬಾಗಿಲಲ್ಲೇ ಹೇಳುತ್ತದೆ. ನಾವೂ ಮೂಗಿಗೆ ಕರ್ಚೀಫ್ ಕಟ್ಟುತ್ತಿದ್ದೆವು. ಸಾಗವಾನಿ ಹಾಗಲ್ಲ. ಘಮಘಮ ಅನ್ನುತ್ತ ಬಂದು ಒಳಗೆ ಕೂರುತ್ತದೆ.

ಡಾಕ್ಟರ್ ಎದೆಗೆ ಸ್ಟೆತಸ್ಕೋಪ್ ಇಟ್ಟು, “ಬೀಡಿ ಸೇದ್ತೀರೇನು?” ಅಂದರು. ಇಲ್ಲ, ಕಟ್ಟಿಗೆ ಕಡೆಯುತ್ತೇನೆ ಅಂದೆ. ಬೀಡಿ ಆಗಿದ್ದರೆ ಚೆನ್ನಾಗಿತ್ತು ಅನ್ನುವ ಹಾಗೆ ಮುಖ ಮಾಡಿದರು. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ, ಎದೆಗೆ ಇಳಿಯುವ ಧೂಳು 10 ಮೈಕ್ರಾನಿಗಿಂತ ಸಣ್ಣದು, ಅದರಲ್ಲೂ ಸಣ್ಣದು ಪುಪ್ಪುಸದ ತಳದವರೆಗೆ ಹೋಗುತ್ತದೆ ಅಂದರು. ನಾನು ಬ್ಯಾಡಗಿಯಲ್ಲಿ ಮೆಣಸಿನಕಾಯಿಗೆ ಹೆದರಿ ಮೂಗು ಮುಚ್ಚಿಕೊಂಡಿದ್ದ ಅದೇ 1995ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕಟ್ಟಿಗೆ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಬರೆದಿತ್ತಂತೆ. ಮೂಗಿನೊಳಗೆ, ಮೂಗಿನ ಆಚೀಚೆಯ ಗೂಡುಗಳಲ್ಲಿ ಬರುವಂಥದ್ದು. ಇದಂತೂ ನಗುವ ವಿಷಯವಲ್ಲ. ನಾನೂ ನಗಲಿಲ್ಲ.

“ದಿನಾ ಒಂದು ತುಂಡು ಬೆಲ್ಲ ತಿಂದರೆ ಧೂಳು ಇಳಿದು ಹೋಗ್ತದ ಅಂತಾರಲ್ರೀ?” ಅಂತ ಕೇಳಿದೆ. ಒಂದು ತಿಂಗಳಿಂದ ತಿನ್ನುತ್ತಿದ್ದೆ. ಒಂದು ತುಂಡು ಅಂದರೆ ಎಷ್ಟು ದೊಡ್ಡದು ಅಂತ ಯಾರೂ ಹೇಳಿರಲಿಲ್ಲ.

“ಬೆಲ್ಲ ಹೊಟ್ಟಿಗೆ ಹೋಗ್ತದ, ಧೂಳು ಎದಿಗೆ ಹೋಗ್ತದ. ಎರಡರ ದಾರಿ ಬ್ಯಾರೆ. ಶುಗರ್ ಟೆಸ್ಟ್ ಮಾಡಿಸ್ಕೊಂಡು ಹೋಗ್ರಿ,” ಅಂದರು.

ಅಂದಿನಿಂದ ನನ್ನ ರಕ್ಷಣಾ ಕಾರ್ಯ ಶುರುವಾಯಿತು. ನಿಜವಾದ ಅಪಘಾತಗಳು ಆಗಿದ್ದೂ ಆಗಲೇ.

ಮೊದಲು ಟವೆಲ್. ಮೂಗು ಬಾಯಿ ಮುಚ್ಚಿ ಹಿಂದೆ ಗಂಟು ಹಾಕಿದೆ. ಕೊರಿಯರ್ ಹುಡುಗ ಗೇಟಿನ ಹತ್ತಿರ ಬಂದವನು ನನ್ನ ಅವತಾರ, ಕೈಯಲ್ಲಿನ ಉಳಿ ನೋಡಿ ಪಾರ್ಸೆಲ್ ಕಟ್ಟೆಯ ಮೇಲಿಟ್ಟು ಓಡಿದ. ಅರ್ಧ ತಾಸಿನಲ್ಲಿ ಗಂಟು ಸಡಿಲಾಯಿತು. ಟವೆಲಿನ ಒಂದು ತುದಿ ಜೋತುಬಿತ್ತು. ತಿರುಗುತ್ತಿದ್ದ ತೊಲೆ ಅದನ್ನು ಹಿಡಿಯಿತು. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಟವೆಲ್ ನನ್ನ ಮುಖದ ಮೇಲಿರಲಿಲ್ಲ, ತೊಲೆಗೆ ರುಮಾಲಾಗಿ ಸುತ್ತಿಕೊಂಡು ಗಿರಗಿರ ತಿರುಗುತ್ತಿತ್ತು. ಗಂಟು ಸಡಿಲ ಇದ್ದದ್ದೇ ಪುಣ್ಯ. ಬಿಗಿ ಇದ್ದಿದ್ದರೆ ಅದರ ಹಿಂದೆ ನಾನೂ ಹೋಗುತ್ತಿದ್ದೆ. ಲೇತ್ ಮುಂದೆ ಜೋತಾಡುವ ಯಾವುದೂ ಇರಬಾರದು, ಅಂಗಿಯ ತೋಳು, ಜನಿವಾರ, ವಾಚು ಏನೂ ಅಂತ ಕಾಕಾ ಬೈದರು. ಟವೆಲ್ ಅಂತೂ ಸಣ್ಣ ಧೂಳನ್ನು ತಡೆಯುವುದೂ ಇಲ್ಲವಂತೆ. ಅಂದರೆ ಸಾಯುವುದಕ್ಕೆ ಎರಡು ದಾರಿ ಮಾಡಿಕೊಂಡಿದ್ದೆ.

ಆಮೇಲೆ ಫ್ಯಾನ್. ಬೆನ್ನ ಹಿಂದೆ ಟೇಬಲ್ ಫ್ಯಾನ್ ಇಟ್ಟು, ಎದುರಿನ ಕಿಟಕಿ ತೆರೆದೆ. ಧೂಳೆಲ್ಲ ಮೆರವಣಿಗೆಯಲ್ಲಿ ಹೊರಗೆ ಹೋಗುತ್ತಿತ್ತು. ನೋಡಲು ಬಹಳ ಚಂದ. ಹೊರಗೆ ಅಂದರೆ ಎಲ್ಲಿಗೆ ಅನ್ನುವುದು ಸಂಜೆ ತಿಳಿಯಿತು. ಪಕ್ಕದ ಮನೆ ವೈನಿ ತಟ್ಟೆ ಹಿಡಿದುಕೊಂಡು ಬಂದರು.

“ಅಣ್ಣಾರ, ಮಾಳಗಿ ಮ್ಯಾಲೆ ಅಕ್ಕಿ ಸಂಡಿಗಿ ಹಾಕಿದ್ದೆ. ಎಲ್ಲಾ ರಾಗಿ ಸಂಡಿಗಿ ಆಗ್ಯಾವ್ರಿ.”

ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಜಾಸ್ತಿ ನಾಚಿಕೆಯಾಯಿತು. ಹೆಂಡತಿ ಎರಡು ದಿನ ಅವರ ಮನೆಯಲ್ಲಿ ಕೂತು ಹೊಸ ಸಂಡಿಗೆ ಹಾಕಿಕೊಟ್ಟಳು. ಆ ಎರಡು ದಿನ ನನಗೆ ಗಿರಮಿಟ್ಟೇ ಗತಿ.

ಧೂಳನ್ನು ಊದಿ ಓಡಿಸಬಾರದು, ಹುಟ್ಟಿದ ಜಾಗದಲ್ಲೇ ಎಳೆದುಕೊಳ್ಳಬೇಕು ಅನ್ನುವ ಜ್ಞಾನ ಆಗ ಬಂತು. ಮನೆಯ ವ್ಯಾಕ್ಯೂಮ್ ಕ್ಲೀನರ್ ತಂದೆ, ಹೆಂಡತಿಗೆ ಹೇಳದೆ. ಕೊಳವೆಯ ಬಾಯಿಯನ್ನು ಕಟ್ಟಿಗೆಯ ಹಿಂದೆ ಒಂದು ಗೇಣು ದೂರದಲ್ಲಿ ಕಟ್ಟಿದೆ. ಕೆಲಸ ಮಾಡಿತು, ನಿಜ. ಆದರೆ ಚೀಲ ತುಂಬಿದ್ದನ್ನು ಖಾಲಿ ಮಾಡಲು ಮರೆತು ಯಂತ್ರವನ್ನು ಅದರ ಜಾಗಕ್ಕೆ ಇಟ್ಟುಬಿಟ್ಟೆ. ದೀಪಾವಳಿಗೆ ಅವಳು ಹಾಲ್ ಗುಡಿಸಲು ಗುಂಡಿ ಒತ್ತಿದಳು. ಮುಂದಿನಿಂದ ಕಸ ಒಳಗೆ ಹೋಯಿತು, ಹಿಂದಿನಿಂದ ಸಾಗವಾನಿ ಮಂಜು ಹೊರಗೆ ಬಂತು. ಸಾಧಾರಣ ಚೀಲಕ್ಕೆ ದಪ್ಪ ಹೊಟ್ಟು ನಿಲ್ಲುತ್ತದೆ, ಅಪಾಯದ ಸಣ್ಣ ಪುಡಿ ಸೋಸಿಕೊಂಡು ಹೊರಗೇ ಬರುತ್ತದೆ. ಹೊಸ ಸೋಫಾ ಕವರ್ ಸಾಕ್ಷಿ. ಅಂದೇ ನನಗೆ ಆ ಸಣ್ಣ ಪುಡಿಯನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ಬೇರೆ ಯಂತ್ರ ಕೊಳ್ಳಲು ಮಂಜೂರಾತಿ ಸಿಕ್ಕಿತು. ಮಂಜೂರಾತಿ ಅನ್ನುವುದಕ್ಕಿಂತ ಆಜ್ಞೆ.

ಕೊರೋನಾ ಕಾಲದ ಎನ್95 ಮಾಸ್ಕ್ ಕಪಾಟಿನಲ್ಲಿ ಇನ್ನೂ ಇದ್ದವು. 0.3 ಮೈಕ್ರಾನಿನಷ್ಟು ಸಣ್ಣ ಕಣವನ್ನೂ ನೂರಕ್ಕೆ 95ರಷ್ಟು ತಡೆಯುವಂಥದ್ದು. ಹಾಕಿಕೊಂಡೆ. ಎರಡು ನಿಮಿಷಕ್ಕೆ ಕನ್ನಡಕಕ್ಕೆ ಮಬ್ಬು ಹಿಡಿಯಿತು. ಮಾಸ್ಕ್ ಬಿಗಿಯಾಗಿ ಕೆಲಸ ಮಾಡುತ್ತಿದೆ ಅಂತ ಹೆಮ್ಮೆಪಟ್ಟೆ. ಬೆಂಗಳೂರಿನಿಂದ ವಿಡಿಯೋ ಕಾಲ್ ಮಾಡಿದ ಮಗಳು ನೋಡಿ, “ಅಪ್ಪಾ, ಕನ್ನಡಕ ಮಬ್ಬಾತು ಅಂದ್ರ ಉಸಿರು ಮ್ಯಾಲಿಂದ ಸೋರ್ತದ. ಉಸಿರು ಹೊರಗ ಬರೋ ದಾರಿಲೇ ಧೂಳು ಒಳಗ ಬರ್ತದ. ಆ ಗಡ್ಡದ ಮ್ಯಾಲೆ ಮಾಸ್ಕ್ ಹಾಕಿದ್ರೂ ಒಂದ, ಬಿಟ್ರೂ ಒಂದ,” ಅಂದಳು.

ಗಡ್ಡ! ಬ್ಯಾಂಕಿನಲ್ಲಿ 34 ವರ್ಷ ದಿನಾ ಬೆಳಿಗ್ಗೆ ಬೋಳಿಸಿದ್ದೆ. ನಿವೃತ್ತಿಯ ಮರುದಿನ ರೇಜರ್ ಎಸೆದಿದ್ದೆ. ಪಿಂಚಣಿ ಬಿಟ್ಟರೆ ನಾನು ಸಂಪಾದಿಸಿದ್ದು ಆ ಗಡ್ಡ ಒಂದೇ. ಗಡ್ಡ ಇರುವವರಿಗೆ ಬೇರೆ ದಾರಿ ಇಲ್ಲವೇ ಅಂದೆ. ಇದೆಯಂತೆ. ಬ್ಯಾಟರಿ ಫ್ಯಾನು ಸೋಸಿದ ಗಾಳಿಯನ್ನು ಮುಖದ ಮೇಲೆ ಬಿಡುವ ಹೆಲ್ಮೆಟ್. ಬೆಲೆ ನೋಡಿದೆ. ಲೇತಿಗಿಂತ ಜಾಸ್ತಿ. ಎರಡು ದಿನ ಗಡ್ಡ ನೀವಿಕೊಳ್ಳುತ್ತ ಯೋಚಿಸಿದೆ. ಮೂರನೇ ದಿನ ಬೋಳಿಸಿದೆ. ಕೆಲಗೇರಿ ಕೆರೆಯ ಬಳಿ ನಾಲ್ಕು ಜನ “ಮನ್ಯಾಗ ಏನರ ಆತೇನ್ರಿ?” ಅಂತ ಮೆಲ್ಲಗೆ ವಿಚಾರಿಸಿದರು.

ಇಷ್ಟೆಲ್ಲ ಆದ ಮೇಲೂ ಸೀನು ನಿಂತಿರಲಿಲ್ಲ. ಕಾರಣ ಸಿಕ್ಕಿದ್ದು ಕರೆಂಟ್ ಹೋದ ದಿನ. ಒಂದು ಸಂಜೆ ಉಪ್ಪುಕಾಗದ ಉಜ್ಜುತ್ತಿರುವಾಗ ಲೇತ್ ತಾನಾಗಿ ನಿಂತಿತು. ರೂಢಿಯಂತೆ ಮಾಸ್ಕ್ ತೆಗೆದು, ಕಡೆದ ಕಾಲನ್ನು ನೋಡೋಣ ಅಂತ ಮೊಬೈಲ್ ಟಾರ್ಚ್ ಹಚ್ಚಿದೆ. ಕಾಲು ಕಾಣಲಿಲ್ಲ, ಬೆಳಕಿನ ಕೋಲು ಕಂಡಿತು. ಹಳೆ ಟಾಕೀಸಿನಲ್ಲಿ ತಲೆ ಮೇಲೆ ಪ್ರೊಜೆಕ್ಟರ್ ಬೆಳಕು ಹೋಗುವಾಗ ಬೀಡಿ ಹೊಗೆ ಕಾಣುತ್ತಿತ್ತಲ್ಲ, ಥೇಟ್ ಹಾಗೆ. ಇಡೀ ಶೆಡ್ಡು ತುಂಬಿತ್ತು. ಹೊರಗೆ ಹೋಗಿ ಅರ್ಧ ತಾಸು ಕಟ್ಟೆಯ ಮೇಲೆ ಕೂತು, ಮತ್ತೆ ಹೋಗಿ ಟಾರ್ಚ್ ಬಿಟ್ಟೆ. ಇನ್ನೂ ಇತ್ತು. ಯಾವ ಅವಸರವೂ ಇಲ್ಲದೆ ತೇಲುತ್ತಿತ್ತು. ಸಣ್ಣ ಧೂಳು ತಾಸುಗಟ್ಟಲೆ ಗಾಳಿಯಲ್ಲಿ ಇರುತ್ತದಂತೆ. ನಾನೋ, ಯಂತ್ರ ನಿಂತ ಕೂಡಲೇ ಮಾಸ್ಕ್ ಕಳಚಿ, ಆರಾಮವಾಗಿ ಉಸಿರೆಳೆದುಕೊಂಡು, ಅಲ್ಲೇ ಕೂತು ಚಹಾ ಕುಡಿಯುತ್ತಿದ್ದೆ.

ಈಗ ಚಹಾ ಶೆಡ್ಡಿನೊಳಗೆ ಬರುವುದಿಲ್ಲ. ಗುಡಿಸಿ ಮುಗಿಯುವ ತನಕ ಮಾಸ್ಕ್ ಇಳಿಯುವುದಿಲ್ಲ. ಶೆಡ್ಡಿನಲ್ಲಿ ಹಾಕುವ ಅಂಗಿ ಅಲ್ಲಿನ ಮೊಳೆಗೇ. ಎಲ್ಲಕ್ಕಿಂತ ದೊಡ್ಡ ಉಪಾಯ ಮಾತ್ರ ಕಾಕಾನದು.

“ಉಳಿ ಮಸೀರಿ ಸರ. ಉಳಿ ಹರಿತ ಇದ್ರ ಕಟಗಿ ತಾನ ನುಣುಪ ಬರತೈತಿ. ಮೊಂಡ ಉಳ್ಯಾಗ ಕೆತ್ತಿ, ಆಮ್ಯಾಲೆ ಎಂಬತ್ತ ನಂಬರ ಕಾಗದ ಹಚ್ಚಿ ತಿಕ್ಕಿದ್ರ ಧೂಳ ಬರದ ಏನ ಬರತೈತಿ?”

ಒಂದು ವಾರ ಮಸೆಯುವುದನ್ನು ಕಲಿತೆ. ಈಗ ಸಾಗವಾನಿಯಲ್ಲೂ ಅಷ್ಟಿಷ್ಟು ಸುರುಳಿ ಬರುತ್ತದೆ, ಕಾಗದ 180ರಿಂದ ಶುರುವಾಗುತ್ತದೆ.

ಇದೆಲ್ಲ ಹೇಳುವ ಕಾಕಾ ಮಾತ್ರ ಐವತ್ತು ವರ್ಷದಲ್ಲಿ ಒಂದು ದಿನವೂ ಮೂಗು ಮುಚ್ಚಿದವರಲ್ಲ. ಮಾತಿನ ನಡುವೆ ಕೆಮ್ಮುತ್ತಾರೆ. ಅದನ್ನು ಅವರು ಕೆಮ್ಮು ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. “ನಮ್ಮಪ್ಪನೂ ಹಿಂಗ ಕೆಮ್ಮತಿದ್ದ,” ಅನ್ನುತ್ತಾರೆ, ಮನೆತನದ ಗುಣ ಅನ್ನುವ ಹಾಗೆ. ಹೋದ ತಿಂಗಳು ಒಂದು ಹೊಸ ಮಾಸ್ಕ್ ಕೊಟ್ಟು ಬಂದಿದ್ದೆ. ಮೊನ್ನೆ ಹೋದಾಗ ಅದು ಗೋಡೆಯ ಮೇಲೆ ಜೋತಾಡುತ್ತಿತ್ತು, ತುಂಬ ಒಂದಿಂಚಿನ ಮೊಳೆ.

“ಭಾಳ ಚಲೋ ಐತ್ರಿ ಇದು. ಒಂದೂ ಬೀಳಂಗಿಲ್ಲ,” ಅಂದರು.

ಮೊಳೆಗಳನ್ನು ಡಬ್ಬಿಗೆ ಸುರಿದು, ಜೇಬಿನಿಂದ ಇನ್ನೊಂದು ಹೊಸದನ್ನು ತೆಗೆದು ಅವರ ಕೈಗಿಟ್ಟೆ. ಕಿವಿಗಲ್ಲ, ತಲೆಯ ಹಿಂದೆ ಹಾಕಬೇಕು, ಮೂಗಿನ ಮೇಲಿನ ತಂತಿ ಒತ್ತಬೇಕು ಅಂತ ತೋರಿಸಿದೆ. ಕಾಕಾ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ತಮ್ಮ ಮೀಸೆ ಮುಟ್ಟಿಕೊಂಡರು. ಎರಡೂ ಕಡೆ ಹುರಿ ಮಾಡಿದ, ಓಣಿಗೆಲ್ಲ ಹೆಸರಾದ ಬಿಳಿ ಮೀಸೆ.

“ಬೋಳಸಬೇಕೇನ್ರಿ ಇದನ್ನ?”

“ಬ್ಯಾಡ ಕಾಕಾ. ಅಂಚಿಗೆ ಸಿಗದ ಹಂಗ ಒಳಗ ಮಡಚಿದ್ರ ಸಾಕು.”

ಕಾಕಾ ಬಹಳ ಹೊತ್ತು ಮಾಸ್ಕನ್ನೇ ನೋಡುತ್ತ ನಿಂತರು.

“ಮೂರು ಮಂದಿ ಮಕ್ಕಳ ಲಗ್ನದಾಗ ಮಡಚಿಲ್ಲರಿ ಸರ ಇದನ್ನ,” ಅಂದರು. ಆಮೇಲೆ ಆಚೀಚೆ ನೋಡಿ, ಅಂಗಡಿಯ ಬಾಗಿಲು ಅರ್ಧ ಮುಂದಕ್ಕೆ ಎಳೆದರು.