ಎರಡು ಕೋಟ್ ಸಾಲದು
ಬಣ್ಣ ಹೋದ ಹಳೇ ಕಾರಿಗೆ ಸುಲಿದು ತೆಗೆಯಬಹುದಾದ ರಬ್ಬರ್ ಸ್ಪ್ರೇ ಎರಡು ಕೋಟ್ ಹೊಡೆದರೆ ಸಾಕು ಎಂದು ಒಂದು ಲೇಖನದಲ್ಲಿ ಓದಿದೆ. ದಯವಿಟ್ಟು ಹಾಗೆ ಮಾಡಬೇಡಿ. ತೆಳುವಾದರೆ ತೆಗೆಯುವಾಗ ಹಾಳೆಯಾಗಿ ಬರದೆ ಚೂರುಚೂರಾಗಿ ಹರಿಯುತ್ತದೆ, ಕೆರೆದು ಕೆರೆದು ಉಗುರು ಸವೆಯುತ್ತದೆ. ಕನಿಷ್ಠ 5-6 ಕೋಟ್ ಬೇಕು, ನಡುವೆ 20-30 ನಿಮಿಷ ಬಿಡಿ.

ಅದಕ್ಕಿಂತ ಮುಖ್ಯ: ಬಾನೆಟ್, ರೂಫ್ ಮೇಲೆ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಈಗಾಗಲೇ ಪೊರೆ ಬಿಟ್ಟಿದ್ದರೆ ಸುಲಿಯುವಾಗ ಅದೂ ಜೊತೆಗೇ ಕಿತ್ತು ಬರುತ್ತದೆ. ಹಾಗೆ ಪೊರೆ ಬಿಟ್ಟ ಜಾಗದ ಅಂಚುಗಳು ಹೊಸ ಪದರದ ಮೇಲೂ ಎದ್ದು ಕಾಣುತ್ತವೆ. ಸ್ಪ್ರೇ ಹೊಡೆಯುವ ಮುಂಚೆ, ಮೊದಲು 400, ಆಮೇಲೆ 600 ನಂಬರಿನ, ನೀರು ಹಚ್ಚಿ ಉಜ್ಜುವ ವಾಟರ್ ಪೇಪರ್‌ನಿಂದ ಅಂಚು ಬೆರಳಿಗೆ ತಾಗದಂತೆ ಉಜ್ಜಿ. ವ್ಯಾಕ್ಸ್ ಪೂರ್ತಿ ಹೋಗುವಂತೆ ತೊಳೆದು ಒಣಗಿಸಿ. ಸ್ಪ್ರೇ ತಾಗಬಾರದ ಕಡೆ ಅಂಟಿಸಿದ ಮಾಸ್ಕಿಂಗ್ ಟೇಪನ್ನು ಕೊನೆಯ ಕೋಟ್ ಹಸಿ ಇರುವಾಗಲೇ ಎಳೆಯಿರಿ. ಪೆಟ್ರೋಲ್ ಚೆಲ್ಲಿದರೆ ಈ ಪದರ ಕರಗುತ್ತದೆ, ಟ್ಯಾಂಕ್ ಮುಚ್ಚಳದ ಬಳಿ ಜೋಪಾನ.