ಸೊನ್ನೆ ಖರ್ಚಿನ ಮೇಲ್ಮನವಿ

ನಮ್ಮ ಚಿಕ್ಕಪ್ಪನ ಹತ್ತಿರ ಎರಡು ಲೆಕ್ಕದ ಪುಸ್ತಕಗಳುಂಟು. ಒಂದು ತೋಟದ್ದು, ಇನ್ನೊಂದು ಕೋರ್ಟಿನದು. ದಪ್ಪ ಯಾವುದು ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ.

ಮೊನ್ನೆ ಆ ದಪ್ಪ ಪುಸ್ತಕವನ್ನು ತೊಡೆ ಮೇಲಿಟ್ಟುಕೊಂಡು, "ಮಗಾ, ಸರ್ಕಾರ ಕಾನೂನು ಬದಲಾಯಿಸಿದ್ರೆ ಖರ್ಚು ಯಾರಿಗೆ ಬೀಳ್ತದೆ?" ಅಂದರು.

"ಯಾರಿಗೂ ಇಲ್ಲ ಚಿಕ್ಕಪ್ಪ."

ನನ್ನ ಮಾತಿಗೆ ಆಧಾರ ಉಂಟು. ನಮ್ಮ ವಿಧೇಯಕಗಳ ಬಾಲದಲ್ಲಿ 'ಆರ್ಥಿಕ ಜ್ಞಾಪನ ಪತ್ರ' ಅಂತೊಂದು ಇರುತ್ತದೆ. ಈ ಕಾನೂನಿನಿಂದ ಹೆಚ್ಚಿನ ಖರ್ಚೇನೂ ಇಲ್ಲ ಎಂಬ ಅರ್ಥದ ಒಂದು ಸಾಲು ಅಲ್ಲಿ ಸಾಮಾನ್ಯ. ಮದುವೆ ಕಾಗದದ ಕೆಳಗೆ 'ಆಶೀರ್ವಾದವೇ ಉಡುಗೊರೆ' ಅಂತ ಅಚ್ಚು ಹಾಕಿಸುತ್ತಾರಲ್ಲ, ಹಾಗೆ. ಬರೆದವರೂ ನಂಬುವುದಿಲ್ಲ, ಓದಿದವರೂ ಕವರ್ ಇಲ್ಲದೆ ಹೋಗುವುದಿಲ್ಲ.

ಚಿಕ್ಕಪ್ಪನಿಗೆ ಬಿಸಿ ತಟ್ಟಿಸಿದ್ದು ಕರ್ನಾಟಕ ಸಿವಿಲ್ ನ್ಯಾಯಾಲಯಗಳ ಕಾಯ್ದೆಯ 2023ರ ತಿದ್ದುಪಡಿ. ಮೊದಲೆಲ್ಲ ಹಿರಿಯ ಸಿವಿಲ್ ನ್ಯಾಯಾಧೀಶರ ತೀರ್ಪು ಒಪ್ಪಿಗೆಯಾಗದಿದ್ದರೆ, ಆಸ್ತಿಯ ಬೆಲೆ 10 ಲಕ್ಷ ದಾಟಿದಲ್ಲಿ ಮೇಲ್ಮನವಿ ನೇರ ಬೆಂಗಳೂರಿನ ಹೈಕೋರ್ಟಿಗೆ. ಈಗ ಬೆಲೆ ಎಷ್ಟೇ ಇರಲಿ, ಮೊದಲ ಮೇಲ್ಮನವಿ ಜಿಲ್ಲಾ ನ್ಯಾಯಾಲಯಕ್ಕೆ. ಹೈಕೋರ್ಟಿನ ಹೊರೆ ಇಳಿಯಿತು. ಸಮುದ್ರಮಟ್ಟದ ಲೆಕ್ಕದಲ್ಲಿ ಮಡಿಕೇರಿ ಬೆಂಗಳೂರಿಗಿಂತ ಎತ್ತರ, ಆದ್ದರಿಂದ ಮೇಲ್ಮನವಿ ಈಗ ನಿಜಕ್ಕೂ ಮೇಲಕ್ಕೇ ಬಂತು ಅನ್ನಬಹುದು.

ಒಳ್ಳೆಯದೇ ಅಲ್ಲವಾ? ಇನ್ನೂರೈವತ್ತು ಕಿಲೋಮೀಟರ್ ರಾತ್ರಿ ಬಸ್ಸು ತಪ್ಪಿತು. ನಾನೂ ಚಪ್ಪಾಳೆ ತಟ್ಟಿದವನೇ. ಆದರೆ ಕಡತಗಳೇನು ಬೆನ್ನಿಗೆ ಕಪಾಟು ಕಟ್ಟಿಕೊಂಡು ಬರುತ್ತವಾ? ಜೂನ್ ತಿಂಗಳಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುವ ಊರಿದು. ಕಟ್ಟು ಇಡಲು ಜಾಗ ಬೇಕು, ಬರೆದುಕೊಳ್ಳಲು ಸ್ಟೆನೋ ಬೇಕು, ಕೇಳಲು ನ್ಯಾಯಾಧೀಶರು ಬೇಕು. ಜ್ಞಾಪನ ಪತ್ರದ ಗಣಿತದಲ್ಲಿ ಇವೆಲ್ಲ ಕಾಡುಹಂದಿಯ ಹಾಗೆ ತಾವಾಗಿ ಹುಟ್ಟಿ ಬೆಳೆಯುವ ಪದಾರ್ಥಗಳು.

ಖರ್ಚು ಬಿಡಿ, ಲಾಭ ನೋಡಿ. ಜಿಲ್ಲಾ ನ್ಯಾಯಾಲಯದಲ್ಲೂ ಸೋತವನು ಸುಮ್ಮನೆ ಮನೆಗೆ ಹೋಗುತ್ತಾನಾ? ಕಾನೂನಿನ ಗಹನ ಪ್ರಶ್ನೆಯೊಂದನ್ನು ಹುಡುಕಿಕೊಂಡು ಎರಡನೇ ಮೇಲ್ಮನವಿಗೆ ಅದೇ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಅಂದರೆ ದಾರಿಯಲ್ಲಿ ಒಂದು ಸ್ಟಾಪು ಜಾಸ್ತಿಯಾಯಿತು. ಪ್ರತಿ ಸ್ಟಾಪಿನಲ್ಲೂ ಟಿಕೆಟ್ ಉಂಟು, ಯಾಕೆಂದರೆ 1958ರ ನ್ಯಾಯಾಲಯ ಶುಲ್ಕದ ಕಾಯ್ದೆಯ ಪ್ರಕಾರ ಮೇಲ್ಮನವಿಗೂ ಮೂಲ ದಾವೆಯಷ್ಟೇ ಶುಲ್ಕ.

ಚಿಕ್ಕಪ್ಪನದು ಜಂಟಿ ಸ್ವಾಧೀನದ ಪಾಲಿನ ದಾವೆ, ಅಂದರೆ ಎಲ್ಲರ ವಶದಲ್ಲಿ ಒಟ್ಟಿಗೆ ಇರುವ ಆಸ್ತಿಯಲ್ಲಿ ನನ್ನ ಪಾಲು ಬೇರೆ ಮಾಡಿಕೊಡಿ ಅನ್ನುವ ಕೇಸು. ಪಾಲಿನ ಬೆಲೆ 10,000 ರೂಪಾಯಿ ದಾಟಿದರೆ ಅದಕ್ಕೆ ಶುಲ್ಕ ಬರೀ 200. (ಈಗಿನ ಧಾರಣೆಯಲ್ಲಿ 10,000ಕ್ಕೆ ಒಂದು ಚೀಲ ಅರೇಬಿಕಾ ಪಾರ್ಚ್‌ಮೆಂಟ್ ಕಾಫಿ ಕೂಡ ಬಾರದು, ಅದು ಬೇರೆ ಮಾತು.) ಹೆಚ್ಚಿನ ಖರ್ಚು ಸೊನ್ನೆ, ಹೆಚ್ಚಿನ ವರಮಾನ 200. ಇಂಥ ಉಳಿತಾಯದ ಬಜೆಟ್ ಯಾವ ಹಣಕಾಸು ಮಂತ್ರಿಗೂ ಕನಸಿನಲ್ಲೂ ಸಿಕ್ಕಿರಲಿಕ್ಕಿಲ್ಲ. ಇನ್ನು ವಕೀಲರ ಫೀಸು, ಟೈಪಿಂಗು, ನಕಲು, ಊಟ? ಅವು ರಾಜ್ಯದ ಲೆಕ್ಕದಲ್ಲಿ ಬರುವುದಿಲ್ಲ. ಚಿಕ್ಕಪ್ಪನ ಪುಸ್ತಕದಲ್ಲಿ ಬರುತ್ತವೆ.

ಇದೆಲ್ಲಕ್ಕಿಂತ ಮಜಾ ಇರುವುದು ದಿನದ ಲೆಕ್ಕದಲ್ಲಿ. ಹೈಕೋರ್ಟಿಗೆ ಹೋಗಲು 90 ದಿನ ಕಾಲಾವಕಾಶ, ಜಿಲ್ಲಾ ನ್ಯಾಯಾಲಯಕ್ಕೆ 30. ದಾರಿಯ ಜೊತೆ ವಾಯಿದೆಯೂ ಮೋಟಾಯಿತು. ಹಳೇ ಲೆಕ್ಕ ಹಿಡಿದಿದ್ದ ಚಿಕ್ಕಪ್ಪ ನಕಲು ಸಿಕ್ಕಿದ್ದೇ ಅದನ್ನು ಟ್ರಂಕಿನಲ್ಲಿಟ್ಟು, ರೊಬಸ್ಟಾ ಕುಯ್ಲು ಮುಗಿಸಿ, ಕಣದಲ್ಲಿ ಒಣಗಿಸಿ, ಚೀಲ ಹೊಲಿಸಿ, ನಲವತ್ತೇಳನೇ ದಿನ ನಿರುಮ್ಮಳವಾಗಿ ವಕೀಲರ ಎದುರು ಕೂತರು.

ವಕೀಲರು ಬೆರಳು ಮಡಚಿ ಎಣಿಸಿದರು. "ತಡವಾಯ್ತಲ್ಲ. ವಿಳಂಬ ಮನ್ನಿಸಿ ಅಂತ ಬೇರೆ ಅರ್ಜಿ, ಅದಕ್ಕೊಂದು ಪ್ರಮಾಣಪತ್ರ ಹಾಕ್ಬೇಕು. ಕಾರಣ ಏನು ಬರೆಯೋಣ?"

"ಕಾಫಿ ಕುಯ್ಲು."

"ಅದು ಪ್ರತಿ ವರ್ಷ ಬರ್ತದೆ, ನಡೆಯಲ್ಲ. ಬೇರೆ ಏನಾದ್ರೂ ಉಂಟಾ? ಸೀಕು ಗೀಕು?"

ಚಿಕ್ಕಪ್ಪ ಯೋಚಿಸಿದರು. "ಮಂಡಿ ನೋವುಂಟು. ಹದಿನಾಲ್ಕು ವರ್ಷದಿಂದ ಕೋರ್ಟಿನ ಮೆಟ್ಟಿಲು ಹತ್ತಿ ಬಂದದ್ದು."

"ಹಾಂ, ಅದು ಆಗ್ತದೆ. ಡಾಕ್ಟರ ಚೀಟಿ ತನ್ನಿ."

ಆ ಸಂಜೆ ಚಿಕ್ಕಪ್ಪ ಪುಸ್ತಕ ತೆರೆದು, ಕನ್ನಡಕ ಮೂಗಿಗೆ ಇಳಿಸಿ ಬರೆದರು: ಸರ್ಕಾರದ ಬಾಬ್ತು ಖರ್ಚು, 0. ಅದರ ಕೆಳಗೆ: ಮಂಡಿ ಚೀಟಿಗೆ, 500.