ಒಂದು ರೂಪಾಯಿ ಕೆಲಸ ಇಲ್ಲದ ಜೀಪು

"ಒಂದೇ ಕೈ, ಶೆಡ್ಡಿನಲ್ಲೇ ಇಟ್ಟ ಗಾಡಿ, ಒಂದು ರೂಪಾಯಿ ಕೆಲಸ ಇಲ್ಲ." ಮಲೆನಾಡಿನಲ್ಲಿ ಹಳೆ ಡೀಸೆಲ್ ಜೀಪು ಮಾರಾಟಕ್ಕೆ ಬಂತೆಂದರೆ ಸ್ಟೆಪ್ನಿಯ ಹಾಗೆ ಈ ಮೂರು ಮಾತೂ ಅದರ ಬೆನ್ನಿಗೇ ಬರುತ್ತವೆ. ಮೂರರಲ್ಲಿ ಯಾವುದೂ ಸುಳ್ಳಲ್ಲ. ಒಂದೇ ಕೈ ನಿಜ, ಆರ್‌ಸಿಯಲ್ಲಿ ಹೆಸರು ಒಬ್ಬರದೇ. ಓಡಿಸಿದ್ದು ಮಾತ್ರ ಮಗ, ಅಳಿಯ, ತೋಟದ ರೈಟರು, ಚುನಾವಣೆ ವರ್ಷದಲ್ಲಿ ಪಕ್ಷದ ಹುಡುಗರು. ಶೆಡ್ಡಿನಲ್ಲಿ ಇಟ್ಟಿದ್ದೂ ನಿಜ; ಶೆಡ್ಡಿಗೆ ಮೂರು ಕಡೆ ಗೋಡೆ ಇರಲಿಲ್ಲ, ಅಷ್ಟೆ. ಒಂದು ರೂಪಾಯಿ ಕೆಲಸ ಇಲ್ಲ ಅನ್ನುವುದಂತೂ ನೂರಕ್ಕೆ ನೂರು ಸತ್ಯ. ಜೀಪಿನಲ್ಲಿ ಒಂದು ರೂಪಾಯಿಗೆ ಮುಗಿಯುವ ಕೆಲಸ ಯಾವುದೂ ಇಲ್ಲ.

ಗಾಡಿ ನೋಡಲು ಹತ್ತು ಗಂಟೆಗೆ ಬನ್ನಿ ಎಂದರೆ ಏಳಕ್ಕೇ ಹೋಗಬೇಕು. ಹೋದವರು ಕಾಫಿಗೆ ಒಳಗೆ ನುಗ್ಗದೆ ಮೊದಲು ಬಾನೆಟ್ ಮೇಲೆ ಅಂಗೈ ಇಡಬೇಕು. ಬೆಚ್ಚಗಿದ್ದರೆ, ಬೀಗರಿಗೆ ಹಂಡೆಯಲ್ಲಿ ನೀರು ಕಾಯಿಸಿಟ್ಟ ಹಾಗೆ, ನಿಮಗಾಗಿ ಇಂಜಿನ್ ಕಾಯಿಸಿಟ್ಟಿದ್ದಾರೆ ಎಂದರ್ಥ. ಡೀಸೆಲ್ ಇಂಜಿನ್ನಿನ ರೋಗವೆಲ್ಲ ಗೊತ್ತಾಗುವುದು ರಾತ್ರಿಯಿಡೀ ತಣ್ಣಗಾದ ಮೇಲಿನ ಮೊದಲ ಸ್ಟಾರ್ಟಿನಲ್ಲಿ. ಡೀಸೆಲ್ಲಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಒತ್ತಿ ಬಿಸಿಯಾದ ಗಾಳಿಯೇ ಅದನ್ನು ಹೊತ್ತಿಸಬೇಕು. ಪಿಸ್ಟನ್ ರಿಂಗು ಸವೆದು ಗಾಳಿ ಸೋರಿದರೆ ಆ ಬಿಸಿ ಹುಟ್ಟುವುದಿಲ್ಲ. ಆಗ ಸೆಲ್ಫ್ ಹೊಡೆದಿದ್ದೇ ಹೊಡೆದಿದ್ದು. ಮಾಲೀಕರು "ಬ್ಯಾಟರಿ ಸ್ವಲ್ಪ ವೀಕು ಮಾರಾಯ್ರೇ" ಎನ್ನುತ್ತಾರೆ. ಬ್ಯಾಟರಿ ಪಾಪ ಹೋದ ತಿಂಗಳು ಹಾಕಿಸಿದ್ದು.

ಸ್ಟಾರ್ಟಿಗೆ ಮುಂಚೆ ಬಿಸಿ ಮಾಡುವ ಹೀಟರ್ ಪ್ಲಗ್ ಇರುವ ಗಾಡಿಯಾದರೆ ಕೀ ತಿರುಗಿಸಿ ಹೀಟರ್ ದೀಪ ಆರುವ ತನಕ ತಡೆದು ಸೆಲ್ಫ್ ಹೊಡೆಯಬೇಕು. ಸ್ಟಾರ್ಟಾದ ಮೇಲೆ ಹೊಗೆ ನೋಡಿ. ಮೊದಲು ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ಚಿಂತೆಯಿಲ್ಲ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಅದರಲ್ಲಿ ಸಿಹಿ ವಾಸನೆಯೂ ಇದ್ದರೆ ಕೂಲೆಂಟ್ ಸಿಲಿಂಡರಿಗೆ ಇಳಿಯುತ್ತಿದೆ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಹೆಡ್ಡೇ ಬಿರುಕು ಬಿಟ್ಟಿರಬಹುದು. ನೀಲಿ ಹೊಗೆಯಾದರೆ ಇಂಜಿನ್ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆ ಬಂದರೆ ಮೂರರಲ್ಲಿ ಸಣ್ಣ ರೋಗ: ಏರ್ ಫಿಲ್ಟರ್ ಕಟ್ಟಿರಬಹುದು, ಟರ್ಬೋ ಪೈಪು ಹರಿದಿರಬಹುದು, ನಾಝಲ್ ಸವೆದಿರಬಹುದು.

ಇನ್ನು ಬ್ಯಾಕ್ ಕಂಪ್ರೆಷನ್, ಅಂದರೆ ಸವೆದ ರಿಂಗಿನ ಪಕ್ಕದಿಂದ ಗಾಳಿ ಇಂಜಿನ್ನಿನ ಕೆಳಕ್ಕೆ ಸೋರುವುದು. ಇಂಜಿನ್ ಐಡಲಿಂಗಿನಲ್ಲಿ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಬಿಗಿಯದೆ ಅದೇ ಜಾಗದಲ್ಲಿ ಬೋರಲು ಇಡಿ. ಮೆಲ್ಲಗೆ ಅಲುಗಾಡಿದರೆ ಸರಿ. ಇಡ್ಲಿ ಪಾತ್ರೆಯ ಮುಚ್ಚಳದ ಹಾಗೆ ಕುಣಿದು, ಪಕ್ಕದಿಂದ ಹೊಗೆಯೂ ಬಂದರೆ ಇಂಜಿನ್ ಕೆಲಸ ಹತ್ತಿರದಲ್ಲೇ ಇದೆ. ಆ ಮುಚ್ಚಳದ ಒಳಮೈಯನ್ನೂ ನೋಡಿ. ಹಾಲು ಹಾಕಿದ ಕಾಫಿ ಬಣ್ಣದ ಕೆನೆ ಅಂಟಿದ್ದರೆ ಆಯಿಲಿನೊಳಗೆ ನೀರು ಸೇರಿದೆ. ಆಮೇಲೆ ಡಿಪ್‌ಸ್ಟಿಕ್, ಆಯಿಲ್ ಅಳೆಯುವ ಕಡ್ಡಿ. ಇಲ್ಲಿ ಹೊಸಬರು ಮೋಸ ಹೋಗುವುದು ಹೀಗೆ: ಆಯಿಲ್ ಜೇನುತುಪ್ಪದ ಹಾಗೆ ಹೊಳೆಯುತ್ತಿದ್ದರೆ "ಎಷ್ಟು ಚೆನ್ನಾಗಿ ಇಟ್ಟಿದ್ದಾರೆ" ಎಂದು ಮೆಚ್ಚಿಬಿಡುತ್ತಾರೆ. ಓಡಿದ ಡೀಸೆಲ್ ಇಂಜಿನ್ನಿನಲ್ಲಿ ಮಸಿ ಸೇರಿ ಹೊಸ ಆಯಿಲೂ ಬೇಗನೆ ಕಪ್ಪಾಗುತ್ತದೆ. ಜೇನುತುಪ್ಪ ಕಂಡಿತೆಂದರೆ ಆಯಿಲ್ ನಿನ್ನೆಯದು, ನಿಮ್ಮ ಗೌರವಾರ್ಥ.

ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರಿಗೂ ಭಾರಿ ಒತ್ತಡದಲ್ಲಿ ಡೀಸೆಲ್ ಹೋಗುವ ಕಾಮನ್ ರೈಲ್ ಗಾಡಿಯಾದರೆ, ಅಂದರೆ 2010ರಿಂದ 2020ರ ತನಕ ಬಂದ ಮೊದಲ ತಲೆಮಾರಿನ ಮಹೀಂದ್ರಾ ಥಾರ್ ಸಿಆರ್‌ಡಿಇ ಥರದ್ದಾದರೆ, ಇನ್ನೊಂದು ಪರೀಕ್ಷೆ ಇದೆ. ತೋಟಗಳಲ್ಲಿ ಡೀಸೆಲ್ಲನ್ನು ಬ್ಯಾರೆಲ್‌ನಲ್ಲಿ ತುಂಬಿಡುವ ಅಭ್ಯಾಸ. ಮಳೆಗಾಲದ ಥಂಡಿಗೆ ಬ್ಯಾರೆಲ್ಲಿನ ಒಳಗೋಡೆ ಬೆವರಿ, ಆ ನೀರು ತಳಕ್ಕಿಳಿಯುತ್ತದೆ. ಹಳೆ ಡೀಸೆಲ್ ಪಂಪು ಇದನ್ನು ಒಂದಷ್ಟು ದಿನ ತಡೆದುಕೊಳ್ಳುತ್ತಿತ್ತು. ಕಾಮನ್ ರೈಲ್ ಇಂಜೆಕ್ಟರಿಗೆ ಆ ತಾಳ್ಮೆಯಿಲ್ಲ. ಡೀಸೆಲ್ ಫಿಲ್ಟರಿನ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಅರ್ಧ ಲೋಟದಷ್ಟನ್ನು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಬಿಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ನಾಲ್ಕು ಇಂಜೆಕ್ಟರ್, ಒಂದು ಹೈ ಪ್ರೆಷರ್ ಪಂಪ್: ಇವಿಷ್ಟೂ ಒಟ್ಟಿಗೆ ಕೈಕೊಟ್ಟರೆ ಆ ವರ್ಷದ ಕಾಳುಮೆಣಸು ಅಲ್ಲಿಗೇ ಸಮರ್ಪಣೆ.

"ಆಫ್‌ರೋಡೆಲ್ಲ ಮಾಡೇ ಇಲ್ಲ ಸಾರ್" ಎಂಬ ಮಾತಿಗೆ ಉತ್ತರ ಸೀಟ್ ಬೆಲ್ಟಿನಲ್ಲಿದೆ. ಗಾಡಿಯನ್ನು ಫೋಮ್ ವಾಷ್ ಮಾಡಿಸುತ್ತಾರೆ, ಮ್ಯಾಟ್ ಬದಲಿಸುತ್ತಾರೆ, ಡ್ಯಾಶ್‌ಬೋರ್ಡಿಗೆ ತೆಂಗಿನೆಣ್ಣೆ ಸವರಿದ ಹಾಗೆ ಪಾಲಿಶ್ ಬಳಿಯುತ್ತಾರೆ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ತೊಳೆಯುವವರು ಮಾತ್ರ ಸಿಗುವುದಿಲ್ಲ. ಮೆಲ್ಲಗೆ ಪೂರ್ತಿ ಎಳೆಯಿರಿ. ಮೊದಲ ಎರಡು ಅಡಿ ಕಪ್ಪಗೆ ಹೊಳೆಯುತ್ತದೆ. ಮೂರನೇ ಅಡಿಗೆ ಒಂದು ಕಂದು ಗೆರೆ, ಆಮೇಲೆ ಬೆಲ್ಟು ಬಿರುಸಾಗಿ, ಒಣ ಕೆಸರು ಪುಡಿಪುಡಿಯಾಗಿ ತೊಡೆಯ ಮೇಲೆ ಉದುರುತ್ತದೆ. ಅಷ್ಟೆತ್ತರಕ್ಕೆ ನೀರು ಏರಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಹೆಡ್‌ಲೈಟಿನ ಒಳಗೂ ಇಂಥದೇ ಗೆರೆ ಇರುತ್ತದೆ. ಒಳಗಿಂದ ಒರೆಸಲಾಗದ ಕಾರಣ ಅದನ್ನು "ಕಂಪನಿ ಡಿಸೈನ್" ಎಂದು ಹೇಳಿದವರೂ ಇದ್ದಾರೆ.

ಹಳ್ಳ ದಾಟಿದ ಗಾಡಿಯಲ್ಲಿ ನೀರು ಆಕ್ಸಲ್ಲಿನ ಹೌಸಿಂಗಿಗೆ ಹೋಗುವ ದಾರಿ ಬ್ರೀದರ್, ಅಂದರೆ ಹೌಸಿಂಗ್ ಉಸಿರಾಡುವ ಸಣ್ಣ ತೂತು. ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಆ ಹೊತ್ತಿಗೆ ಹೊರಗಿರುವುದು ಹಳ್ಳ. ಮುಂದಿನ, ಹಿಂದಿನ ಎರಡೂ ಹೌಸಿಂಗಿನ ಪ್ಲಗ್ ಸಡಿಲಿಸಿ ಆಯಿಲ್ ನೋಡಿ. ಮಜ್ಜಿಗೆಯ ಹಾಗಿದ್ದರೆ ಬೇರಿಂಗಿಗೆ ತುಕ್ಕು ಹಿಡಿದಿರುತ್ತದೆ. ಪ್ಲಗ್ಗಿಗೆ ಅಯಸ್ಕಾಂತವಿದ್ದರೆ ಅದಕ್ಕೆ ಅಂಟಿದ ನಯವಾದ ಬೂದಿಯಂಥ ಪುಡಿ ಸಹಜ. ಚೂರು ಚೂರು ಲೋಹ ಸಿಕ್ಕಿದರೆ ಒಳಗಿನ ಗೇರ್ ಜೋಡಿ ಕ್ರೌನ್ ಪಿನಿಯನ್ ತನ್ನ ಹಲ್ಲನ್ನು ತಾನೇ ತಿನ್ನುತ್ತಿದೆ.

ಈಗ ಫೋರ್ ವೀಲ್. ಜೀಪಿಗೆ ಇಷ್ಟು ಬೆಲೆ ಬರುವುದೇ ಆ ಎರಡನೇ ಲಿವರಿನಿಂದ. ಮಾಲೀಕರು ಉತ್ಸಾಹದಿಂದ ಮನೆ ಮುಂದಿನ ಟಾರ್ ರಸ್ತೆಯಲ್ಲೇ 4ಎಚ್, ಅಂದರೆ ನಾಲ್ಕೂ ಚಕ್ರದ ಎಳೆತ, ಹಾಕಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ "ನೋಡಿ ಹೇಗೆ ಎಳೆಯುತ್ತೆ" ಎನ್ನುತ್ತಾರೆ. ದಯವಿಟ್ಟು ತಡೆಯಿರಿ. ಈ ಜೀಪುಗಳಲ್ಲಿ ಮುಂದಿನ ಹಿಂದಿನ ಆಕ್ಸಲ್ ನಡುವೆ, ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಹೋಗಬೇಕು, ಹಿಂದಿನವು ಕಡಿಮೆ. ಕೆಸರಿನಲ್ಲಿ ಈ ಲೆಕ್ಕ ಜಾರಿ ಸರಿಹೋಗುತ್ತದೆ. ಟಾರಿನಲ್ಲಿ ಜಾರಲು ಜಾಗವಿಲ್ಲ, ಲೆಕ್ಕವೆಲ್ಲ ಶಾಫ್ಟಿನಲ್ಲಿ, ಅದರ ಕೀಲಾದ ಕ್ರಾಸಿನಲ್ಲಿ, ಎರಡೂ ಆಕ್ಸಲ್ಲಿಗೆ ಎಳೆತ ಹಂಚುವ ಟ್ರಾನ್ಸ್‌ಫರ್ ಕೇಸಿನಲ್ಲಿ ಬಿಗಿದುಕೊಳ್ಳುತ್ತದೆ. ಆಮೇಲೆ ಲಿವರ್ 2ಎಚ್‌ಗೆ, ಅಂದರೆ ಹಿಂದಿನ ಎರಡೇ ಚಕ್ರದ ಎಳೆತಕ್ಕೆ, ಬರುವುದೇ ಇಲ್ಲ. ಇಬ್ಬರು ಹಿಡಿದೆಳೆದರೂ ಬರುವುದಿಲ್ಲ. ಎಳೆಯಬೇಡಿ, ನೇರವಾಗಿ ಹತ್ತಡಿ ರಿವರ್ಸ್ ಹೋಗಿ, ಬಿಗಿತ ಸಡಿಲಿ ತಾನೇ ಬರುತ್ತದೆ.

ಪರೀಕ್ಷೆ ಮಾಡುವುದಾದರೆ ತೋಟದ ಮಣ್ಣುದಾರಿ ಸರಿ. ಮುಂದಿನ ಚಕ್ರವನ್ನು ಆಕ್ಸಲ್ಲಿಗೆ ಜೋಡಿಸುವ ಹಬ್ ಲಾಕ್ ಕೈಯಲ್ಲಿ ತಿರುಗಿಸುವಂಥದಾದರೆ ಎರಡೂ ಕಡೆ ಲಾಕ್ ಮಾಡಿ; ಒಂದು ಕಡೆ ಮರೆತರೆ ಮುಂದಿನ ಆಕ್ಸಲ್ ಸುಮ್ಮನೆ ತಿರುಗುತ್ತದೆ, ಗಾಡಿ ಬೈಗುಳ ತಿನ್ನುತ್ತದೆ. ಗಾಡಿ ನಿಲ್ಲಿಸಿ, ಕ್ಲಚ್ ಒತ್ತಿ 4ಎಲ್, ಅಂದರೆ ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಬಲದ ಎಳೆತ, ಹಾಕಿ. ಮೊದಲ ಗೇರಿನಲ್ಲಿ ಇಳಿಜಾರಿಗೆ ಬಿಟ್ಟು ಬ್ರೇಕಿನಿಂದ ಕಾಲು ತೆಗೆಯಿರಿ. ತುಂಬು ಗರ್ಭಿಣಿಯ ಹಾಗೆ ಹೆಜ್ಜೆ ನೋಡಿಕೊಂಡು ಇಳಿಯಬೇಕು. ನಡುವೆ ಲಿವರ್ ಟಪ್ಪೆಂದು ನ್ಯೂಟ್ರಲ್‌ಗೆ ಎಗರಿದರೆ ಒಳಗಿನ ಹಲ್ಲುಗಳ ಅಂಚು ಸವೆದಿದೆ. ಲಿವರಿನ ಬುಡದಲ್ಲಿ ಸೈಕಲ್ ಟ್ಯೂಬಿನ ತುಂಡು ನೇತಾಡುತ್ತಿದ್ದರೆ ಇಳಿಜಾರಿನ ತನಕ ಹೋಗುವುದೂ ಬೇಡ. ಎಗರುವ ಲಿವರನ್ನು ಸೀಟಿಗೆ ಕಟ್ಟಿಹಾಕುವ ಹಗ್ಗ ಅದು.

ಫೋರ್ ವೀಲ್ ಬಳಸೇ ಇಲ್ಲ ಎಂದರೂ ಸಂತೋಷಪಡಬೇಡಿ. ವರ್ಷಗಟ್ಟಲೆ ಮುಟ್ಟದ ಲಿಂಕೇಜ್ ತುಕ್ಕು ಹಿಡಿದು ಕಲ್ಲಾಗಿರುತ್ತದೆ. ತಿಂಗಳಿಗೊಮ್ಮೆ ಮಣ್ಣಿನ ಮೇಲೆ ಒಂದೆರಡು ಕಿಲೋಮೀಟರ್ 4ಎಚ್‌ನಲ್ಲಿ ಓಡಿಸಿದವರ ಗಾಡಿಯೇ ಮೇಲು.

ಕ್ಲಚ್ಚಿಗೆ ಹೆಚ್ಚು ಹೊತ್ತು ಬೇಡ: ಹ್ಯಾಂಡ್ ಬ್ರೇಕ್ ಎಳೆದು ಮೂರನೇ ಗೇರಿನಲ್ಲಿ ಕ್ಲಚ್ ಬಿಟ್ಟರೆ ಇಂಜಿನ್ ಆಫ್ ಆಗಬೇಕು. ಆಗದೆ ಗೊರಗೊರ ಎನ್ನುತ್ತಿದ್ದರೆ ಕ್ಲಚ್ ಪ್ಲೇಟು ಸವೆದಿದೆ. ಚಾಸಿಸ್ ಮಾತ್ರ ಮಲಗಿಯೇ ನೋಡಬೇಕು. ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದರೆ ಗಟ್ಟಿ ಉಕ್ಕು ಠಣ್ ಎನ್ನುತ್ತದೆ, ಕೊಳೆತದ್ದು ಹಲಸಿನಕಾಯಿಯ ಹಾಗೆ ದಬ್ ಎನ್ನುತ್ತದೆ. ಹಿಂದಿನ ಸ್ಪ್ರಿಂಗ್ ಪ್ಲೇಟುಗಳನ್ನು ಚಾಸಿಸ್ಸಿಗೆ ಜೋಡಿಸುವ ಶ್ಯಾಕಲ್ ಕೂರುವ ಜಾಗದಲ್ಲಿ ಕೆಸರು ಕೂತು ಮೊದಲು ತಿನ್ನುತ್ತದೆ. ಅಲ್ಲಿ ಹೊಚ್ಚಹೊಸ ಕಪ್ಪು ಬಣ್ಣ ಕಂಡರೆ ಅದರಡಿ ವೆಲ್ಡಿಂಗ್ ಪಟ್ಟಿ ಹುಡುಕಿ.

ಕಿಲೋಮೀಟರ್ ಲೆಕ್ಕದಲ್ಲೂ ಒಂದು ತಮಾಷೆ. ಥಾರ್ ಸಿಆರ್‌ಡಿಇಗೆ ಬರುವ 235/70 ಆರ್16 ಟಯರ್ ಸುಮಾರು 29 ಇಂಚು ಎತ್ತರ. ಅದರ ಜಾಗಕ್ಕೆ 31 ಇಂಚಿನದು ಹಾಕಿದರೆ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಮೀಟರಿಗೆ ಗೊತ್ತಾಗುವುದಿಲ್ಲ. ಶೇಕಡಾ 7ರಷ್ಟು ಕಡಿಮೆ ತೋರಿಸುತ್ತದೆ. ಮೀಟರ್ ಮುಟ್ಟದೆಯೇ 80,000 ಎಂದು ತೋರಿಸುವ ಗಾಡಿ 85,000 ದಾಟಿರುತ್ತದೆ. ಟಯರ್ ಪಕ್ಕದ ಕೊನೆಯ ನಾಲ್ಕು ಅಂಕಿಯನ್ನೂ ಓದಿ: 2318 ಎಂದರೆ 2018ರ 23ನೇ ವಾರದಲ್ಲಿ ಮಾಡಿದ್ದು. ನಾಲ್ಕೂ ಒಂದೇ ಅಳತೆಯವಿರಬೇಕು. ಮುಂದೆ ಹೊಸದು ಹಿಂದೆ ಬೋಳು ಎಂದಿದ್ದರೆ ಫೋರ್ ವೀಲ್ ಹಾಕಿದಾಗ ನೇರ ದಾರಿಯಲ್ಲೂ ಆ ಟಾರ್ ರಸ್ತೆಯ ಕಥೆಯೇ.

ಕಾಗದದ ವಿಷಯ ಬೇಗ ಮುಗಿಸೋಣ, ಕಾಗದ ಮಾತ್ರ ಬೇಗ ಮುಗಿಯುವುದಿಲ್ಲ. ಖಾಸಗಿ ಗಾಡಿಯ ಆರ್‌ಸಿ 15 ವರ್ಷಕ್ಕೆ. ಆಮೇಲೆ ಗಾಡಿ ತೋರಿಸಿ, ಹಸಿರು ತೆರಿಗೆ ಕಟ್ಟಿ ಐದೈದು ವರ್ಷಕ್ಕೆ ನವೀಕರಿಸಬೇಕು. ಹೆಸರು ಬದಲಾವಣೆಯ ಫಾರಂ 29, 30ಕ್ಕೆ ಮಾಲೀಕರ ಸಹಿ, ಸಾಲವಿದ್ದ ಗಾಡಿಯಾದರೆ ಸಾಲ ತೀರಿತೆನ್ನುವ ಬ್ಯಾಂಕಿನ ಫಾರಂ 35, ಹೊರರಾಜ್ಯದ್ದಾದರೆ ಫಾರಂ 28ರ ಎನ್‌ಒಸಿ. ದೆಹಲಿ ಸುತ್ತ 10 ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ 2015ರಲ್ಲಿ ಹಸಿರು ನ್ಯಾಯಮಂಡಳಿ ತಡೆ ಹಾಕಿತ್ತು. ಅಲ್ಲಿಂದ ಅಗ್ಗಕ್ಕೆ ಬಂದ ಜೀಪಿಗೆ ಇಲ್ಲಿ ಜೀವಾವಧಿ ತೆರಿಗೆ ಸೇರಿಸಿ ಲೆಕ್ಕ ಹಾಕಿದರೆ ಅಗ್ಗ ಎನ್ನುವ ಮಾತು ಬಾಯಿಗೆ ಬರುವುದಿಲ್ಲ. ಆರ್‌ಸಿಯಲ್ಲಿ ಬಿಳಿ ಬಣ್ಣ ಎಂದಿದ್ದು ಗಾಡಿ ಸೈನ್ಯದ ಹಸಿರಾಗಿದ್ದರೆ, ಹೆಸರು ಬದಲಾಯಿಸುವ ಮುಂಚೆ ಬಣ್ಣದ ಪಂಚಾಯಿತಿ ಮುಗಿಯಬೇಕು.

ಜೊತೆಗೆ ಮೆಕ್ಯಾನಿಕ್ ಕರೆದುಕೊಂಡು ಹೋಗಿ, ಆದರೆ ಅವರು ಮಾಲೀಕರ ಮನೆಯಲ್ಲಿ ಕಡುಬು, ಕೋಳಿ ಸಾರು ಉಣ್ಣುವ ಮೊದಲೇ ಅಭಿಪ್ರಾಯ ಕೇಳಿಬಿಡಿ. ಊಟದ ನಂತರ ಯಾವ ಹೌಸಿಂಗೂ ಶಬ್ದ ಮಾಡುವುದಿಲ್ಲ.

ವ್ಯಾಪಾರ ಕುದುರಿ ಅಡ್ವಾನ್ಸ್ ಕೊಡುವ ಮುಂಚೆ ಎರಡನೇ ಕೀ, ವೀಲ್ ಸ್ಪ್ಯಾನರ್, ಜಾಕಿ ಮೂರನ್ನೂ ಕೇಳಿ ಪಡೆದುಕೊಳ್ಳಿ. ಕೀ ಬೀರುವಿನಲ್ಲಿದೆ, ಬೀರುವಿನ ಕೀ ಮಗಳ ಮನೆಯಲ್ಲಿದೆ. ಸ್ಪ್ಯಾನರ್ ಪಕ್ಕದ ತೋಟದವರು ಒಯ್ದಿದ್ದಾರೆ. ಜಾಕಿ ಸೀಟಿನ ಕೆಳಗೇ ಸಿಗುತ್ತದೆ, ಹ್ಯಾಂಡಲ್ ಇಲ್ಲದೆ. ಹ್ಯಾಂಡಲ್ ಎಲ್ಲಿ ಎಂದರೆ ಮಾಲೀಕರು ಒಂದು ಗಳಿಗೆ ಯೋಚಿಸಿ, ಕೊಟ್ಟಿಗೆಯ ಕಡೆ ನೋಡುತ್ತಾರೆ. ಬಾಗಿಲಿಗೆ ಅಗುಳಿಯಾಗಿ ಅದು ಅಲ್ಲೇ ಇದೆ. ತೆಗೆದರೆ ಎಮ್ಮೆ ಹೊರಗೆ ಬರುತ್ತದೆ.